ಬೇಲಿಯಾಚೆ ಬಿದ್ದ ಪಾರಿಜಾತ

"ಆಂಟೀ, ನಿಮ್ಮ ಗಿಡದ ಹೂವೆಲ್ಲ ನಮ್ಮ ಅಂಗಳಕ್ಕೇ ಬೀಳ್ತಾ ಇದೆ. ಆರಿಸ್ಕೊಳ್ಳಲಾ?"

ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಕಾಂಪೌಂಡಿನ ಆಚೆಯಿಂದ ಹೀಗೆ ಕೇಳಿದಾಗ ನಾನು ಬಾಗಿಲಿಗೆ ರಂಗೋಲಿ ಹಾಕುತ್ತಿದ್ದೆ. ಹೂ ಬಿದ್ದದ್ದು ಅವಳ ಮನೆಯ ನೆಲದ ಮೇಲೆ. ಬಗ್ಗಿ ಎತ್ತಿಕೊಂಡಿದ್ದರೆ ಯಾಕೆ ಅಂತ ಕೇಳುವವರು ಯಾರೂ ಇರಲಿಲ್ಲ. ಆದರೂ ಕೇಳಿದಳಲ್ಲ, ಆ ಒಂದು ಮಾತಿಗೆ ನನ್ನ ಬೆಳಗು ತುಂಬಿಹೋಯಿತು. "ಆರಿಸ್ಕೋಮ್ಮ, ಅದು ನಿಮ್ಮ ಪಾಲಿನದೇ" ಅಂದೆ. ಆಮೇಲೆ ಇಬ್ಬರೂ ಗೋಡೆಗೆ ಆತುಕೊಂಡು ಮಾತಿಗೆ ನಿಂತೆವು. ಒಲೆಯ ಮೇಲಿಟ್ಟ ಹಾಲು, ಡಬ್ಬಿ ಕಟ್ಟಬೇಕಾದ ಹೊತ್ತು ಎಲ್ಲ ಒಂದಿಷ್ಟು ಹಿಂದೆ ಸರಿದವು. ಅವತ್ತು ಆಡಿದ ಮಾತನ್ನೇ ಈಗ ನಿಮ್ಮ ಹತ್ತಿರವೂ ಆಡೋಣ ಅಂತ ಕೂತಿದ್ದೇನೆ.

ಪಾರಿಜಾತಕ್ಕೆ ಈ ಬೇಲಿ ದಾಟುವ ಗುಣ ಇವತ್ತಿನದಲ್ಲ. ಕಥೆ ನಿಮಗೂ ಗೊತ್ತಿರುತ್ತದೆ. ನಾರದರು ತಂದ ಒಂದೇ ಒಂದು ಪಾರಿಜಾತ ರುಕ್ಮಿಣಿಯ ಪಾಲಾಯಿತು, ಸತ್ಯಭಾಮೆ ಮುನಿಸಿಕೊಂಡಳು. ಕೃಷ್ಣ ಇಂದ್ರನ ಜೊತೆ ಕಾದಾಡಿ ಇಡೀ ಮರವನ್ನೇ ತಂದು ಭಾಮೆಯ ಅಂಗಳದಲ್ಲಿ ನೆಟ್ಟ. ಮರ ಭಾಮೆಯದು, ಆದರೆ ಹೂ ಬಿದ್ದದ್ದು ಪಕ್ಕದ ರುಕ್ಮಿಣಿಯ ಅಂಗಳಕ್ಕೆ. ಹರಿಕಥೆಯಲ್ಲಿ ಈ ಭಾಗ ಬಂದಾಗ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಇದರಲ್ಲಿ ದೊಡ್ಡದೊಂದು ನ್ಯಾಯ ಕಾಣಿಸುತ್ತದೆ. ನೆಟ್ಟವರು ಯಾರೇ ಇರಲಿ, ಹೂವು ಒಬ್ಬರ ಸೊತ್ತಾಗಿ ಉಳಿಯುವುದಿಲ್ಲ ಅನ್ನುವುದನ್ನು ನಮ್ಮ ಹಿರಿಯರು ಇಬ್ಬರು ಸವತಿಯರ ನಡುವೆ ಒಂದು ಮರ ನಿಲ್ಲಿಸಿ ಹೇಳಿಬಿಟ್ಟರು.

ಬೆಳಗಿನ ಜಾವ ಒಂದು ಪಾರಿಜಾತವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಗಾಳಿಗೆ ತಿರುಗುವ ಗಿರಗಿಟ್ಟಲೆಯ ಹಾಗೆ ಒಂದಿಷ್ಟು ಓರೆಯಾದ ಬಿಳಿ ಎಸಳು, ನಡುವೆ ಕುಂಕುಮದ ಬೊಟ್ಟು, ಕೆಳಗೆ ಕೇಸರಿ ತೊಟ್ಟು. ಆ ತೊಟ್ಟನ್ನು ಒಣಗಿಸಿ ಹಿಂದೆ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. ರಾತ್ರಿ ಅರಳಿ, ಬೆಳಕು ಹರಿಯುವಷ್ಟರಲ್ಲಿ ತಾನಾಗಿಯೇ ಉದುರುತ್ತದೆ. ನೆಲಕ್ಕೆ ಬಿದ್ದ ಹೂ ದೇವರಿಗೆ ಸಲ್ಲದು ಅನ್ನುವ ನಿಯಮ ಇದಕ್ಕಿಲ್ಲ. ಬಿದ್ದದ್ದನ್ನೇ ಆರಿಸಿ ಏರಿಸುತ್ತೇವೆ. ಬಕುಳಕ್ಕೂ, ಅಂದರೆ ನಮ್ಮ ಕಡೆಯ ರೆಂಜೆ ಹೂವಿಗೂ ಹೀಗೇ ರಿಯಾಯಿತಿ ಉಂಟು. ಕೀಳಬೇಕಾಗಿಯೇ ಇಲ್ಲದ ಹೂವು, ಗಿಡ ತಾನಾಗಿ ಬಿಟ್ಟುಕೊಟ್ಟದ್ದು. ಅದನ್ನು ದೇವರು ಒಪ್ಪದೆ ಇರುತ್ತಾನೆಯೇ?

ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆ. ಅಜ್ಜಿಯ ಹಿತ್ತಲಿನಲ್ಲಿ ಹೂ ಕೊಯ್ಯುವುದಕ್ಕೆ ಒಂದು ಸಂಹಿತೆಯೇ ಇತ್ತು. ಹೊತ್ತು ಮುಳುಗಿದ ಮೇಲೆ ಗಿಡ ಮುಟ್ಟಬಾರದು, ಅದು ಮಲಗಿರುತ್ತದೆ. ಮೂಸಿದ ಹೂ ದೇವರಿಗಲ್ಲ. ಗಿಡ ಬೋಳಾಗುವ ಹಾಗೆ ಕೊಯ್ಯಬಾರದು, ಗಿಡಕ್ಕೆಂದು ಒಂದೆರಡು ಬಿಡಬೇಕು. ಟೊಂಗೆ ಬಗ್ಗಿಸಬಹುದು, ಮುರಿಯುವಂತಿಲ್ಲ. ದ್ವಾದಶಿಯ ದಿನ ತುಳಸಿ ಕೀಳಬಾರದು, ಪೂಜೆಗೆ ಬೇಕಾದದ್ದನ್ನು ಹಿಂದಿನ ದಿನವೇ ತೆಗೆದಿಡಬೇಕು. ಬೇರೆ ದಿನಗಳಲ್ಲಿಯೂ ತುಳಸಿಗೆ ಕೈ ಮುಗಿದು, ಕ್ಷಮೆ ಕೇಳಿಯೇ ದಳ ಬಿಡಿಸಬೇಕು. ಸಣ್ಣವಳಿದ್ದಾಗ ಇದೆಲ್ಲ ಬರೀ ಮಡಿ ಅನ್ನಿಸುತ್ತಿತ್ತು. ಈಗ ಒಂದೊಂದನ್ನೇ ಕೂಡಿಸಿ ನೋಡಿದರೆ ಅಷ್ಟೂ ನಿಯಮ ಕಟ್ಟುಹಾಕಿದ್ದು ನಮ್ಮ ಕೈಗೆ. ಗಿಡದಿಂದ ತೆಗೆದುಕೊಳ್ಳಿ, ಆದರೆ ಬೇಕಾದಷ್ಟೇ, ಕೇಳಿಯೇ, ನೋಯಿಸದೆ. ಇಷ್ಟೇ ಆ ಸಂಹಿತೆಯ ಸಾರ.

ಪೂಜೆ ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಹಳಗನ್ನಡದ 'ಪೂ' ಹೊಸಗನ್ನಡದಲ್ಲಿ 'ಹೂ' ಆಯಿತು. ಪೂಜೆಯ ಮೂಲ ಈ ದ್ರಾವಿಡ 'ಪೂ'ವಿನಲ್ಲೇ ಇದೆ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಅದನ್ನು ಒಪ್ಪದವರೂ ಇದ್ದಾರೆ. ನಿರುಕ್ತಿ ಏನೇ ಇರಲಿ, ಹೂವಿಲ್ಲದ ಪೂಜೆಯನ್ನು ನಮ್ಮ ಮನೆಗಳಲ್ಲಿ ನೆನೆಸಿಕೊಳ್ಳಲಿಕ್ಕೂ ಆಗುವುದಿಲ್ಲ. ಗೀತೆಯಲ್ಲಿ ಕೃಷ್ಣ ತನಗೆ ಬೇಕು ಎಂದದ್ದಾದರೂ ಏನು? ಒಂದು ಎಲೆ, ಒಂದು ಹೂ, ಒಂದು ಹಣ್ಣು, ಒಂದಿಷ್ಟು ನೀರು. ಬಡವರ ಹಿತ್ತಲಲ್ಲೂ ಸಿಗುವ ಪಟ್ಟಿ ಅದು.

ಇನ್ನೊಂದು ಸಂಗತಿ ಗಮನಿಸಿದ್ದೀರಾ? ನಮ್ಮ ದೇವರುಗಳ ಮೆಚ್ಚಿನ ಹೂ, ಎಲೆಗಳಲ್ಲಿ ಬಹಳಷ್ಟು ಯಾರೂ ನೀರು ಹಾಕದೆ ಬೆಳೆಯುವಂಥವು. ಶಿವನಿಗೆ ತುಂಬೆ ಹೂ ಅಂದರೆ ಪ್ರಾಣ. ಉಗುರಿನಷ್ಟು ಕೂಡ ಇಲ್ಲದ ಬಿಳಿ ಹೂ ಅದು, ಗದ್ದೆಯ ಬದುವಿನಲ್ಲಿ ತನ್ನ ಪಾಡಿಗೆ ಇರುತ್ತದೆ. ಎಕ್ಕ ಪಾಳು ಜಾಗದ ಗಿಡ, ದತ್ತೂರಿ ತಿಪ್ಪೆಯ ಪಕ್ಕದ್ದು. ಗರಿಕೆಯಂತೂ ನಾವು ತುಳಿದುಕೊಂಡು ಓಡಾಡುವ ಹುಲ್ಲು. ಅನಲಾಸುರನನ್ನು ನುಂಗಿ ಗಣಪತಿಯ ಹೊಟ್ಟೆ ಉರಿಯುತ್ತಿದ್ದಾಗ ಚಂದ್ರನ ತಂಪೂ ಸಾಲಲಿಲ್ಲವಂತೆ, ಋಷಿಗಳು ತಂದು ಇಟ್ಟ 21 ಗರಿಕೆ ಆ ಉರಿ ಆರಿಸಿತಂತೆ. ಪೇಟೆಯಲ್ಲಿ ಬೆಲೆಯಿಲ್ಲದ್ದಕ್ಕೆಲ್ಲ ದೇವರ ತಲೆಯ ಮೇಲೆ ಜಾಗ ಸಿಕ್ಕಿದೆ ನೋಡಿ.

ಚೌತಿಯ ದಿನ ಗಣಪತಿಗೆ 21 ಬಗೆಯ ಪತ್ರೆ ಏರಿಸುವ ಪದ್ಧತಿ ಇದೆಯಲ್ಲ, ಅದು ಮಕ್ಕಳಿಗೆ ದೊಡ್ಡ ಪಾಠಶಾಲೆ. ಬಿಲ್ವ, ಬನ್ನಿ, ಎಕ್ಕ, ದತ್ತೂರಿ, ಬೋರೆ, ಉತ್ತರಣೆ, ಕಣಗಿಲೆ, ಜಾಜಿ, ಮತ್ತಿ, ಅಶ್ವತ್ಥ ಅಂತ ಅಜ್ಜ ಹೆಸರು ಹೇಳಿ ಕಳಿಸುತ್ತಿದ್ದರು, ನಾವು ಬೇಲಿಸಾಲು, ಕೆರೆ ಏರಿ, ಗುಡ್ಡದ ಬುಡ ಎಲ್ಲ ಅಲೆದು ತರುತ್ತಿದ್ದೆವು. ತಪ್ಪು ಎಲೆ ತಂದರೆ ಅಜ್ಜ ಬೈಯುತ್ತಿರಲಿಲ್ಲ. ಸರಿಯಾದ ಗಿಡದ ಹತ್ತಿರ ಕರೆದುಕೊಂಡು ಹೋಗಿ ಎಲೆ ಮುಟ್ಟಿಸಿ ತೋರಿಸುತ್ತಿದ್ದರು. ಉತ್ತರಣೆಯ ತೆನೆ ಲಂಗಕ್ಕೆ ಅಂಟಿಕೊಂಡು ಬಂದು ತನ್ನ ಗುರುತನ್ನು ತಾನೇ ಕಲಿಸುತ್ತಿತ್ತು. ಈಗ ಪೇಟೆಯಲ್ಲಿ 21 ಪತ್ರೆ ಅಂತ ಕಟ್ಟು ಕಟ್ಟಿ ಮಾರುತ್ತಾರೆ. ಕಟ್ಟು ಬಿಚ್ಚಿ ಯಾವುದು ಯಾವುದೆಂದು ಮಕ್ಕಳನ್ನು ಕೇಳಿ ನೋಡಿ, ಗರಿಕೆ ಬಿಟ್ಟು ಮುಂದಕ್ಕೆ ಹೋಗುವುದೇ ಕಷ್ಟ. ಹಬ್ಬ ಉಳಿಯಿತು, ಗಿಡದ ಪರಿಚಯ ತಪ್ಪಿತು. ಇದು ನನ್ನ ಮನಸ್ಸಿಗೆ ನಿಜಕ್ಕೂ ನೋವು ಕೊಡುವ ಸಂಗತಿ.

ವರ್ಷದ ಚಕ್ರದ ತುಂಬ ಹೀಗೇ ಗಿಡಗಳಿವೆ. ಯುಗಾದಿಗೆ ಬೇವು ಮತ್ತು ಮಾವಿನ ತೋರಣ. ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜಗಳ ಮೇಲೆ ಏಳು ಎಕ್ಕದ ಎಲೆ ಇಟ್ಟುಕೊಂಡು ಸ್ನಾನ. ವಿಜಯದಶಮಿಗೆ ಬನ್ನಿ. ಮೈಸೂರಿನ ಜಂಬೂಸವಾರಿ ಹೋಗಿ ಮುಟ್ಟುವುದೇ ಬನ್ನಿಮಂಟಪಕ್ಕೆ. ಉತ್ತರ ಕರ್ನಾಟಕದಲ್ಲಿ ಅವತ್ತು ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎನ್ನುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಆ ಒಂದು ಎಲೆಯ ನೆವದಲ್ಲಿ ಎದುರಾಗುತ್ತಾರೆ. ಕಾರ್ತಿಕ ಶುದ್ಧ ದ್ವಾದಶಿಯಂದು ತುಳಸಿಗೆ ಮದುವೆ. ಕಟ್ಟೆಯ ಪಕ್ಕ ನೆಲ್ಲಿಯ ಟೊಂಗೆ ನೆಟ್ಟು, ನೆಲ್ಲಿಕಾಯಿಯ ಮೇಲೆ ತುಪ್ಪದ ಬತ್ತಿ ಹಚ್ಚುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಇದೆ ನಮ್ಮಲ್ಲಿ. ಆದರೆ ಅಂಗಳದ ತುಳಸಿಗೆ ಆ ಗಾದೆ ನಾಟಲೇ ಇಲ್ಲ. ಕೆಮ್ಮಿಗೆ ಕಷಾಯವಾಗುವುದೂ ಅದೇ, ತೀರ್ಥಕ್ಕೆ ದಳವಾಗುವುದೂ ಅದೇ, ಕೊನೆಯುಸಿರಿನ ಹೊತ್ತಿಗೆ ಬಾಯಿಗೆ ಬಿಡುವ ನೀರಿನಲ್ಲಿ ಇರುವುದೂ ಅದೇ. ತುಲಾಭಾರದಲ್ಲಿ ಭಾಮೆಯ ಒಡವೆಯೆಲ್ಲ ಸುರಿದರೂ ಏಳದ ಕೃಷ್ಣನ ತಟ್ಟೆ, ರುಕ್ಮಿಣಿ ಇಟ್ಟ ಒಂದು ತುಳಸಿ ದಳಕ್ಕೆ ಮೇಲೆದ್ದಿತು ಅನ್ನುವ ಕಥೆ ಸುಮ್ಮನೆ ಹುಟ್ಟಿದ್ದಲ್ಲ.

ಈಗ ಮಲ್ಲಿಗೆಗೆ ಬರೋಣ. ಮಲ್ಲಿಗೆಯ ಮಾತಿಲ್ಲದೆ ಕನ್ನಡದ ಹೆಂಗಸರ ಹರಟೆ ಮುಗಿಯುವುದುಂಟೇ? ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಎಲ್ಲ ಬಿಟ್ಟು ಹೊರಟವಳು. ಅವಳು ಬಿಡದೆ ಹಿಡಿದ ಚೆನ್ನಮಲ್ಲಿಕಾರ್ಜುನನ ಹೆಸರಿನಲ್ಲೇ ಮಲ್ಲಿಗೆ ಇದೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಒಂದೇ ರಾಜ್ಯದ ಮೂರು ಊರು ತಮ್ಮ ತಮ್ಮ ಮಲ್ಲಿಗೆಯ ಹೆಸರಿನಲ್ಲಿ ಗುರುತಾಗಿವೆ. ಮೈಸೂರಿನಲ್ಲಿ ಹೂವನ್ನು ಮೊಳ, ಮಾರು ಲೆಕ್ಕದಲ್ಲಿ ಕೊಳ್ಳುತ್ತೇವೆ. ಮೊಳಕೈಯಿಂದ ಬೆರಳ ತುದಿಗೆ ಒಂದು ಮೊಳ, ಎರಡು ಕೈ ಚಾಚಿದರೆ ಒಂದು ಮಾರು. ಉಡುಪಿಯ ಶಂಕರಪುರದ ಕಡೆ ಲೆಕ್ಕವೇ ಬೇರೆ. ಅಲ್ಲಿ ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದಿನದ ದರ ಹೇಳುವುದು ಅಟ್ಟೆಗೆ.

ನನ್ನ ಅತ್ತೆ ಮಲ್ಲಿಗೆ ಕಟ್ಟುವುದನ್ನು ನೋಡಿಯೇ ಕಲಿತದ್ದು ನಾನು. ಬಾಳೆನಾರನ್ನು ಒಂದಿಷ್ಟು ನೀರಿನಲ್ಲಿ ನೆನೆಸಿ, ಉಗುರಿನಿಂದ ಸೀಳಿ ಎಳೆ ಮಾಡುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ನಾರಿನ ತುದಿ ಸಿಕ್ಕಿಸಿ, ಎರಡು ಮೊಗ್ಗು ಆ ಕಡೆ ಮುಖ ಮಾಡಿ, ಎರಡು ಈ ಕಡೆ ಮುಖ ಮಾಡಿ, ತೊಟ್ಟುಗಳು ನಡುವೆ ಕೂಡುವ ಹಾಗೆ ಇಟ್ಟು, ಬೆರಳಿನ ಮೇಲೊಂದು ಕುಣಿಕೆ ಹಾಕಿ ಎಳೆಯುವುದು. ಜಾಸ್ತಿ ಎಳೆದರೆ ತೊಟ್ಟು ಕತ್ತರಿಸುತ್ತದೆ, ಸಡಿಲ ಬಿಟ್ಟರೆ ಹೂ ಜಾರುತ್ತದೆ. ಅದರ ಹದ ಬೆರಳಿಗೆ ಮಾತ್ರ ಗೊತ್ತು, ಬಾಯಲ್ಲಿ ಹೇಳಲಿಕ್ಕೆ ಬರುವುದಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತೇವಲ್ಲ, ನಾರು ಬಿಗಿಯಾಗಿ ಹಿಡಿಯದೆ ಇದ್ದಿದ್ದರೆ ಹೂವೂ ಅಲ್ಲಿಗೆ ಹೋಗುತ್ತಿರಲಿಲ್ಲ ಅನ್ನುತ್ತಿದ್ದರು ಅತ್ತೆ. ಕಟ್ಟುವ ಕೈಗಳ ಪರವಾಗಿ ಆಡಿದ ಮಾತದು. ನಸುಕಿಗೆ ಎದ್ದು ಮೊಗ್ಗು ಬಿಡಿಸಿ, ಬಿಸಿಲೇರುವ ಮೊದಲು ಕಟ್ಟಿ ಮುಗಿಸುವ ಸಾವಿರಾರು ಹೆಂಗಸರ ಬೆನ್ನುನೋವು ನಮ್ಮ ದೇವರ ಮನೆಯ ಪ್ರತಿ ಮಾಲೆಯಲ್ಲೂ ಇದೆ. ಹಬ್ಬದ ಹಿಂದಿನ ದಿನ ಹೂವಮ್ಮನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವಾಗ ಇದು ನೆನಪಿದ್ದರೆ ಸಾಕು.

ಶಂಕರಪುರದ ಮಲ್ಲಿಗೆಯನ್ನು ಕ್ರೈಸ್ತ ಕುಟುಂಬಗಳೂ ಬೆಳೆಯುತ್ತವೆ. ಅವರ ಅಂಗಳದ ಹೂ ದೇವಸ್ಥಾನದ ಗರ್ಭಗುಡಿ ಸೇರುತ್ತದೆ, ಭೂತದ ಕೋಲಕ್ಕೂ ಹೋಗುತ್ತದೆ. ಬೆಂಗಳೂರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವನ್ನು ನೋಡಿದ್ದೀರಲ್ಲ. ಮಲ್ಲಿಗೆಯಲ್ಲೇ ಮುಚ್ಚಿಹೋದ ಆ ಕರಗ ಹೊರುವುದು ತಿಗಳ ಸಮುದಾಯದವರು, ತಲೆತಲಾಂತರದಿಂದ ತೋಟಗಾರಿಕೆ ಬಲ್ಲವರು. ಆ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಗೌರವ ಪಡೆದೇ ಮುಂದೆ ಸಾಗುತ್ತದೆ. ದರ್ಗಾದ ಒಳಗೂ ಹೂವಿನ ಚಾದರ. ಒಂದೇ ಮಾರುಕಟ್ಟೆಯ ಬುಟ್ಟಿಯಿಂದ ಎದ್ದ ಮಲ್ಲಿಗೆ ಎರಡೂ ಕಡೆ ಒಂದೇ ಪರಿಮಳ ಬೀರುತ್ತದೆ.

ಹೂವು ದಾಟಿದ್ದು ಬರೀ ಕಾಂಪೌಂಡನ್ನಲ್ಲ, ಸಮುದ್ರವನ್ನೂ. ಆಯುಧಪೂಜೆಗೆ ಬಸ್ಸು, ಲಾರಿ, ಹೊಲಿಗೆ ಯಂತ್ರಗಳಿಗೆಲ್ಲ ನಾವು ಹಾಕುವ ಚೆಂಡು ಹೂವಿನ ತವರು ಮೆಕ್ಸಿಕೋ. ದೀಪಾವಳಿಯ ಗೋಪೂಜೆಯ ದಿನ ನಮ್ಮ ಮಲೆನಾಡಿನಲ್ಲಿ ದನಗಳ ಕೊರಳಿಗೆ ಅಡಿಕೆ ಸರದ ಜೊತೆ ಬೀಳುವುದೂ ಅದೇ ಹೂ. ಮಲೆನಾಡಿನ ಹೆಂಗಸರು ಮಗುವಿನ ಹಾಗೆ ಕಾಪಾಡಿ, ಬಣ್ಣಕ್ಕೊಂದರಂತೆ ಗಡ್ಡೆ ಬದಲಾಯಿಸಿಕೊಳ್ಳುವ ಡೇರೆ ಹೂವೂ ಮೆಕ್ಸಿಕೋದಿಂದಲೇ ಬಂದದ್ದು. ದೇವಸ್ಥಾನದ ಅಂಗಳದ ದೇವಗಣಗಿಲೆ ಅಮೆರಿಕ ಖಂಡದ ಮರ, ಸೇವಂತಿಗೆ ಚೀನಾದ ಕಡೆಯದು. ನಾಗಲಿಂಗ ಪುಷ್ಪದ ಮರ ದಕ್ಷಿಣ ಅಮೆರಿಕದ್ದು. ಕಾಂಡದಿಂದಲೇ ಹೊರಡುವ ಆ ಹೂವಿನೊಳಗೆ ಪುಟ್ಟ ಲಿಂಗ, ಮೇಲೆ ಹೆಡೆ ಬಿಚ್ಚಿದ ಹಾವು ನಮ್ಮವರ ಕಣ್ಣಿಗೆ ಕಂಡಿತು. ಕಂಡದ್ದೇ ತಡ, ಮರ ಶಿವನದಾಯಿತು. ಎಲ್ಲಿಂದ ಬಂದೆ ಅಂತ ಯಾರೂ ಕೇಳಲಿಲ್ಲ. ಚೆಂದವಾಗಿದ್ದೀಯ, ದೇವರ ಹತ್ತಿರ ಕೂತುಕೋ ಅಂದರು. ಸಂಪ್ರದಾಯ ಅಂದರೆ ಕದಲದೆ ನಿಂತ ಕಲ್ಲು ಅಂತ ಹೇಳುವವರಿಗೆ ನಾನು ಚೆಂಡು ಹೂವನ್ನೇ ತೋರಿಸುತ್ತೇನೆ.

ಆದರೆ ಸಮುದ್ರ ದಾಟಿ ಬಂದ ಹೂವಿಗೆ ಜಾಗ ಕೊಟ್ಟ ನಾವೇ ಮನೆಯೊಳಗೆ ಒಂದು ಬೇಲಿ ಹಾಕಿದ್ದೆವು. ಅದನ್ನು ಹೇಳದೆ ಬಿಟ್ಟರೆ ಈ ಮಾತು ಪ್ರಾಮಾಣಿಕ ಆಗುವುದಿಲ್ಲ. ನಮ್ಮ ಊರಿನ ಮನೆಯಲ್ಲಿ ಒಬ್ಬ ದೊಡ್ಡತ್ತೆ ಇದ್ದರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು. ಹಿತ್ತಲಿನ ಅಷ್ಟೂ ಗಿಡಕ್ಕೆ ನೀರೆರೆಯುತ್ತಿದ್ದವರು ಅವರು. ದೇವರಿಗೆ, ಸೊಸೆಯಂದಿರಿಗೆ, ನಮ್ಮಂಥ ಹುಡುಗಿಯರ ಮೊಗ್ಗಿನ ಜಡೆಗೆ ಹೂ ಕಟ್ಟಿಕೊಡುತ್ತಿದ್ದವರೂ ಅವರೇ. ಕಟ್ಟಿ ಮುಗಿದ ಮೇಲೆ ಬೆರಳಲ್ಲಿ ಉಳಿದ ಪರಿಮಳ ಮಾತ್ರ ಅವರದಾಗಿತ್ತು, ಒಂದು ಹೂ ಮುಡಿಯುವ ಹಾಗಿರಲಿಲ್ಲ. ಹುಟ್ಟಿದಾಗಿನಿಂದ ಹೂ ಮುಡಿದುಕೊಂಡು ಬಂದ ಹೆಣ್ಣಿನಿಂದ, ಗಂಡ ಹೋದ ದಿನ ಅದನ್ನು ಕಿತ್ತುಕೊಳ್ಳುವುದು ಯಾವ ಧರ್ಮ? ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿವನ ಪೂಜೆಯಿಂದ ಹೊರಗಾದ ಕೇದಗೆಗೂ ನಮ್ಮ ಜಡೆಯಲ್ಲಿ ಜಾಗವಿತ್ತು. ಯಾವ ತಪ್ಪನ್ನೂ ಮಾಡದ ದೊಡ್ಡತ್ತೆಗೆ ಇರಲಿಲ್ಲ. ಇದು ತಪ್ಪು. ಸಂಪ್ರದಾಯವನ್ನು ಪ್ರೀತಿಸುವವರೇ ಮೊದಲು ಇದನ್ನು ತಪ್ಪು ಅಂತ ಹೇಳಬೇಕು. ಈಗ ನಮ್ಮ ಮನೆಗೆ ಅರಿಸಿನ ಕುಂಕುಮಕ್ಕೆ ಬಂದ ಯಾವ ಹೆಂಗಸಿಗೂ ನಾನು ಹೂ ಕೊಡದೆ ಕಳಿಸುವುದಿಲ್ಲ, ಅವರ ಗಂಡ ಇದ್ದಾರೋ ಇಲ್ಲವೋ ಅಂತ ನೋಡುವುದೂ ಇಲ್ಲ. ಹೋದ ವರ್ಷ ಎದುರು ಮನೆಯ ಹಿರಿಯರೊಬ್ಬರು ಹೂ ಕೈಗೆ ತೆಗೆದುಕೊಂಡು ಸುಮ್ಮನೆ ನಿಂತುಬಿಟ್ಟರು. ನಾನೇ ಮುಡಿಸಿದೆ. ಕನ್ನಡಿ ಬೇಕಾ ಅಂತ ಕೇಳಿದ್ದಕ್ಕೆ, ಬೇಡ, ಪರಿಮಳ ಬರ್ತಾ ಇದೆ ಅಂದರು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಬೀದಿಯ ಬೆಳಗಿನ ಕಥೆಯನ್ನೂ ಹೇಳಲೇಬೇಕು. ನಸುಕಿಗೆ ವಾಕಿಂಗ್ ಹೊರಟವರು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದಿರುತ್ತಾರೆ, ಕೆಲವರ ಹತ್ತಿರ ಕೊಕ್ಕೆ ಕಟ್ಟಿದ ಕೋಲೂ ಇರುತ್ತದೆ. ಕಾಂಪೌಂಡಿನಿಂದ ಹೊರಗೆ ಬಾಗಿದ ದಾಸವಾಳ, ಕಣಗಿಲೆ, ನಂದಿಬಟ್ಟಲು ಯಾವುದನ್ನೂ ಬಿಡುವುದಿಲ್ಲ. ನಾಳೆ ಅರಳಬೇಕಾದ ಮೊಗ್ಗೂ ಚೀಲಕ್ಕೆ. ಕೈಗೆ ಎಟುಕದಿದ್ದರೆ ಟೊಂಗೆಯನ್ನೇ ಎಳೆದು ಸಿಗಿಯುತ್ತಾರೆ. ಕಳೆದ ಆಷಾಢದಲ್ಲಿ ನನ್ನ ಸಂಪಿಗೆ ಗಿಡದ ಮುಖ್ಯ ಟೊಂಗೆ ಹೀಗೇ ಹೋಯಿತು. ಕೇಳಿದರೆ, ದೇವರಿಗೆ ಅಲ್ವೇನ್ರಿ, ದೇವರ ಹೂವಿಗೆ ಕಳ್ಳತನದ ದೋಷ ಇಲ್ಲ ಅನ್ನುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ತುಳಸಿಯಂಥ ಗಿಡದ ಹತ್ತಿರವೇ ಕೈ ಮುಗಿದು ಕೇಳಿ ದಳ ತೆಗೆಯಬೇಕು ಅಂತ ಕಲಿಸಿದ ಪರಂಪರೆ, ನೀರೆರೆದು ಬೆಳೆಸಿದವರನ್ನು ಕೇಳಬೇಕಾಗಿಲ್ಲ ಅಂತ ಹೇಳಿರಲಾರದು. ಬೋಳಾದ ಗಿಡದ ಮೇಲೆ ಬಂದು ಕೂತ ಜೇನುಹುಳ ಏನೂ ಸಿಗದೆ ಹಾರಿಹೋಗುವುದನ್ನು ನೋಡಿದ್ದೇನೆ. ಆ ಹುಳದ ಪಾಲನ್ನೂ ಕಿತ್ತುಕೊಂಡು ದೇವರ ಪಾದಕ್ಕೆ ಹಾಕಿದರೆ ಆ ಪೂಜೆಗೆ ಅರ್ಥ ಏನು?

ಏರಿಸಿದ ಹೂವಿನ ಗತಿಯೂ ಹಾಗೇ ಆಗಿದೆ. ನಿರ್ಮಾಲ್ಯವನ್ನು ತುಳಿಯಬಾರದು, ಗಿಡದ ಬುಡಕ್ಕೆ ಹಾಕಬೇಕು ಅನ್ನುತ್ತಿದ್ದರು ಅಜ್ಜಿ. ಮಣ್ಣಿನಿಂದ ಬಂದದ್ದು ಗೊಬ್ಬರವಾಗಿ ಮಣ್ಣಿಗೇ ಸೇರುತ್ತಿತ್ತು. ಈಗ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಸೇತುವೆಯ ಮೇಲಿಂದ ನದಿಗೆ ಎಸೆಯುತ್ತೇವೆ. ಹೂ ಕೊಳೆಯುತ್ತದೆ, ಚೀಲ ಉಳಿಯುತ್ತದೆ. ಅದಕ್ಕಿಂತ ಒಂದು ಹಳೆಯ ಕುಂಡದಲ್ಲಿ ಮಣ್ಣಿನ ಜೊತೆ ಬೆರೆಸಿಟ್ಟರೆ ಮುಂದಿನ ಚೌತಿಯ ಗರಿಕೆ ಅದರಲ್ಲೇ ಹಸಿರಾಗಿ ಎದ್ದೀತು.

ಪಕ್ಕದ ಮನೆಯ ಸೊಸೆಗೆ ಇಷ್ಟನ್ನೂ ಒಂದೇ ದಿನ ಹೇಳಲಿಲ್ಲ, ದಿನಕ್ಕೊಂದಿಷ್ಟು ಹೇಳಿದೆ. ಅವಳು ಈಗ ತನ್ನ ಮಗನಿಗೆ ತುಂಬೆ ಯಾವುದು, ಉತ್ತರಣೆ ಯಾವುದು ಅಂತ ತೋರಿಸುತ್ತಾಳೆ. ನಮ್ಮ ಪಾರಿಜಾತದ ಚಪ್ಪಟೆ ಬೀಜ ತೆಗೆದುಕೊಂಡು ಹೋಗಿ ತನ್ನ ಕಡೆಯ ಗೋಡೆಯ ಅಂಚಿನಲ್ಲಿ ಹಾಕಿದ್ದಾಳೆ, ಗೇಣುದ್ದ ಬಂದಿದೆ.

ನೀವೂ ಈ ಮಳೆಗಾಲದಲ್ಲಿ ಒಂದು ಹೂಗಿಡ ನೆಡಿ. ಹಿತ್ತಲಿಲ್ಲದಿದ್ದರೆ ಬಾಲ್ಕನಿಯ ಕುಂಡದಲ್ಲಾದರೂ ಒಂದು ತುಳಸಿ, ಒಂದು ಬಳ್ಳಿ ಮಲ್ಲಿಗೆ ಇರಲಿ. ನೆಲವಿದ್ದರೆ ಗೋಡೆಯ ಹತ್ತಿರವೇ ನೆಡಿ, ಅರ್ಧ ಹೂವು ಪಕ್ಕದವರ ಅಂಗಳಕ್ಕೆ ಬೀಳಲಿ. ಬೇರೆಯವರ ಗಿಡದ ಹೂ ಬೇಕೆನಿಸಿದರೆ ಗೇಟಿನ ಹತ್ತಿರ ನಿಂತು ಒಂದು ಮಾತು ಕೇಳಿ. ಹೂ ಬೆಳೆಸಿದವರು ಕೇಳಿದವರಿಗೆ ಇಲ್ಲ ಅಂದದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ.